ಜೀರಿಗೆ ಎಲ್ಲಿ?

ತಂಗಿಯ ಮಗಳ ಮದುವೆಗೆ ಡೆಕೋರೇಷನ್‌ನವರು ಪಟ್ಟಿ ಕಳಿಸಿದ್ದಾರೆ. ಅದರಲ್ಲಿ ರೋಸ್‌ಮೇರಿ ಅನ್ನುವ ಪರಿಮಳದ ವಿದೇಶಿ ಸೊಪ್ಪು ಇದೆ. ಊಟದ ಪ್ರತಿ ಟೇಬಲ್ಲಿಗೂ ಒಂದೊಂದು ಕಡ್ಡಿ, ಪಕ್ಕದಲ್ಲಿ ಚೀಟಿ: ‘ನೆನಪಿನ ಸಂಕೇತ’. “ಚೆನ್ನಾಗಿರತ್ತೆ ಮಾವ, ಮೀನಿಂಗ್ ಇದೆ” ಅಂದಳು ಹುಡುಗಿ. ಕಡ್ಡಿಗೆ ಎಷ್ಟು ಅಂತ ನಾನು ಕೇಳಬಾರದಿತ್ತು. ಕೇಳಿದೆ. ಅವತ್ತಿನಿಂದ ನನಗೆ ನಿದ್ದೆ ಸರಿಯಿಲ್ಲ.

ಇಂಗ್ಲೆಂಡಿನ ಎಂಟನೇ ಹೆನ್ರಿಯನ್ನು 1540ರ ಜನವರಿಯಲ್ಲಿ ಮದುವೆಯಾದ ಕ್ಲೀವ್ಸ್‌ನ ಆನ್ ಕೂಡ ತಲೆಗೆ ರೋಸ್‌ಮೇರಿ ಮುಡಿದಿದ್ದಳಂತೆ. ಜುಲೈ ಹೊತ್ತಿಗೆ ಮದುವೆಯೇ ರದ್ದು. ಇದನ್ನು ಹುಡುಗಿಗೆ ಹೇಳಿಲ್ಲ. ಅವಳಮ್ಮನಿಗೆ ಹೇಳಿದ್ದೇನೆ.

ನಮ್ಮಲ್ಲಿ ಜೀರಿಗೆ ಬೆಲ್ಲ ಇಲ್ವಾ? ಅದಕ್ಕೆ ಯಾರಾದರೂ ಚೀಟಿ ಅಂಟಿಸಿದ್ದಾರಾ? ನಮ್ಮ ಚಿಕ್ಕಪ್ಪನ ಮದುವೆಯ ವಿಷಯ ಕೇಳಿ.

ಆಗ ಮನೆ ಮುಂದೆಯೇ ಚಪ್ಪರ. ಮುಹೂರ್ತಕ್ಕೆ 10 ನಿಮಿಷ ಇದೆ, ಪುರೋಹಿತರು ಜೀರಿಗೆ ಬೆಲ್ಲ ಕೇಳಿದರು. ಬೆಲ್ಲ ಇತ್ತು. ಜೀರಿಗೆ ಇಲ್ಲ! ಊರಿಗೆಲ್ಲ ಸಾರು ಕುದಿಯುತ್ತಿದೆ, ಅಡುಗೆಯವರು ಇದ್ದಬದ್ದ ಜೀರಿಗೆಯನ್ನೆಲ್ಲ ಹುರಿದು ಪುಡಿ ಮಾಡಿಬಿಟ್ಟಿದ್ದಾರೆ. ಎಂಟು ವರ್ಷದ ನನ್ನನ್ನು ಅಂಗಡಿಗೆ ಓಡಿಸಿದರು. ಅಂಗಡಿಗೆ ಬೀಗ. ಅಂಗಡಿಯವರು ನಮ್ಮ ಚಪ್ಪರದಲ್ಲೇ ಮುಂದಿನ ಸಾಲಿನಲ್ಲಿ ಪಾನಕ ಕುಡಿಯುತ್ತಾ ಕೂತಿದ್ದರು. ಅದು ಯಾರಿಗೂ ಹೊಳೆಯಲಿಲ್ಲ, ನನಗೂ. ಪಕ್ಕದ ಮನೆ ಅಜ್ಜಿಯ ಹತ್ತಿರ ಓಡಿದೆ. ಅಜ್ಜಿಗೆ ಕಿವಿ ಮಂದ. ಪಕ್ಕೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ, ಡಬ್ಬಿಯಿಂದ ಒಂದು ಹಿಡಿ ತೆಗೆದು ಕಾಗದದಲ್ಲಿ ಕಟ್ಟಿಕೊಟ್ಟರು.

ಅಂತರಪಟ ಸರಿಯಿತು, ಗಟ್ಟಿಮೇಳ ಮೊಳಗಿತು, ಇಬ್ಬರೂ ಒಬ್ಬರ ತಲೆ ಮೇಲೊಬ್ಬರು ಇಟ್ಟರು. ಪುರೋಹಿತರ ಮೂಗು ಅರಳಿತು. ಓಂಕಾಳು! ಅಜ್ಜಿ ನನಗೆ ಹೊಟ್ಟೆನೋವು ಅಂದುಕೊಂಡಿದ್ದರು. “ಇರಲಿ, ಜೀರ್ಣಕ್ಕೆ ಇದೂ ಒಳ್ಳೆಯದೇ” ಅಂದು ಪುರೋಹಿತರು ಮಂತ್ರ ಮುಂದುವರಿಸಿದರು. ಈಗಲೂ ಜಗಳವಾದಾಗ ಚಿಕ್ಕಮ್ಮ ಶುರು ಮಾಡುವುದೇ ಅಲ್ಲಿಂದ: “ನಿಮ್ಮ ಮನೆಯವರು ನನ್ನ ತಲೆಗೆ ಹಾಕಿದ್ದೇ ಓಂಕಾಳು!”

ಇವರ ಪಟ್ಟಿಯನ್ನು ಮತ್ತೆ ಓದಿದೆ. ನಾಲ್ಕು ಪುಟ. ರೋಸ್‌ಮೇರಿ, ಲ್ಯಾವೆಂಡರ್ ಎಲ್ಲಾ ಇವೆ. ಜೀರಿಗೆ ಇಲ್ಲ. ಕೇಳಿದರೆ, “ಪೂಜಾ ಸಾಮಾನು ನಮಗೆ ಬರಲ್ಲ ಸಾರ್.”

50 ಗ್ರಾಂ ತಂದು ಮದುವೆಗೆ ಹಾಕಿಕೊಳ್ಳುವ ಜುಬ್ಬದ ಜೇಬಿಗೆ ಈಗಲೇ ಸೇರಿಸಿದ್ದೇನೆ. ಹೆಂಡತಿ ಅದನ್ನು ಎರಡು ಸಲ ಮೂಸಿ ನೋಡಿದಳು.