ಸ್ಟೆಮ್ ಸೆಲ್ ತಾನಾಗಿ ದಾರಿ ಹುಡುಕಿಕೊಳ್ಳುವುದಿಲ್ಲ

'ರಕ್ತಕ್ಕೆ ಬಿಟ್ಟರೆ ಸಾಕು, ಆಮ್ಲಜನಕ ಸಿಗದೆ ನರಳುವ ಜಾಗವನ್ನು ಸ್ಟೆಮ್ ಸೆಲ್‌ಗಳು ತಾವೇ ಹುಡುಕಿಕೊಂಡು ಹೋಗುತ್ತವೆ' ಎಂದು, ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಈ ಮೂಲ ಕೋಶಗಳ ಚಿಕಿತ್ಸೆಯ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿದೆ. ಈ ಒಂದು ಮಾತನ್ನು ಒಪ್ಪಲಾರೆ.

ಕರೆ ಬರುವುದು ಪೆಟ್ಟು ತಿಂದ ಜಾಗದಿಂದ. ಆಮ್ಲಜನಕ ಕಡಿಮೆಯಾದಾಗ ಅಲ್ಲಿನ ಕೋಶಗಳಲ್ಲಿ ಎಚ್‌ಐಎಫ್-1 ಎಂಬ ಪ್ರೋಟೀನ್ ಒಡೆಯದೆ ಉಳಿದುಕೊಳ್ಳುತ್ತದೆ. ಅದರಿಂದ ಸ್ಟೆಮ್ ಸೆಲ್‌ಗಳನ್ನು ಕರೆಯುವ ಎಸ್‌ಡಿಎಫ್-1 ಎಂಬ ಸಂಕೇತ ಜಾಸ್ತಿಯಾಗುತ್ತದೆ. ಆದರೆ ಕರೆ ಕೇಳಿಸಿದರೆ ಸಾಲದು, ರಕ್ತದ ರಭಸದಲ್ಲಿ ಕೋಶ ನಿಲ್ಲಬೇಕು ಅಲ್ವಾ? ಅಂಟುವ ಅಣುಗಳ ಕೆಲಸ ಶುರುವಾಗುವುದು ಇಲ್ಲೇ. ಮೊದಲು ರಕ್ತನಾಳದ ಒಳಗೋಡೆಯ ಸೆಲೆಕ್ಟಿನ್ ಎಂಬ ಅಂಟುವ ಅಣುಗಳು ಕೋಶವನ್ನು ಸಡಿಲವಾಗಿ ಹಿಡಿಯುತ್ತವೆ. ಅದು ಗೋಡೆಯ ಮೇಲೆ ಉರುಳುತ್ತಾ ನಿಧಾನವಾಗುತ್ತದೆ. ಆಮೇಲೆ ಕೋಶದ ಮೇಲಿರುವ ಇಂಟೆಗ್ರಿನ್ ಎಂಬ ಅಣುಗಳು ಗೋಡೆಯಲ್ಲಿರುವ ವಿಕ್ಯಾಮ್-1 ಎಂಬ ಇನ್ನೊಂದು ಅಂಟುವ ಅಣುವನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಆಮೇಲಷ್ಟೇ ಗೋಡೆ ದಾಟುವುದು.

ಚಿಕಿತ್ಸೆಗೆ ಹೆಚ್ಚಾಗಿ ಬಳಸುವ, ಮೆಸೆಂಕೈಮಲ್ ಎಂಬ ಬಗೆಯ ಸ್ಟೆಮ್ ಸೆಲ್‌ಗಳಲ್ಲಿ ಸೆಲೆಕ್ಟಿನ್‌ಗೆ ಸಿಗುವ ಕೊಂಡಿಯೇ ಸರಿಯಾಗಿಲ್ಲ. ರಕ್ತನಾಳಕ್ಕೆ ಚುಚ್ಚಿದರೆ ಬಹುಪಾಲು ಶ್ವಾಸಕೋಶದ ಸಣ್ಣ ನಾಳಗಳಲ್ಲೇ ಸಿಕ್ಕಿಬೀಳುತ್ತವೆ. 2008ರಲ್ಲಿ ವಿಜ್ಞಾನಿ ರಾಬರ್ಟ್ ಸ್ಯಾಕ್‌ಸ್ಟೈನ್ ಅವರ ತಂಡ ಈ ಕೋಶಗಳ ಮೇಲಿರುವ ಸಿಡಿ44 ಎಂಬ ಪ್ರೋಟೀನಿಗೆ ಫ್ಯೂಕೋಸ್ ಎಂಬ ಸಕ್ಕರೆಯನ್ನು ಕೂಡಿಸಿ, ಸೆಲೆಕ್ಟಿನ್ ಹಿಡಿಯಬಲ್ಲ ಕೊಂಡಿಯಾಗಿಸಿತು. ಇಲಿಗಳಲ್ಲಿ ಅವು ಮೂಳೆಮಜ್ಜೆಗೆ ಹೋಗಿ ಸೇರಿದವು. ಜೀನ್ ಮುಟ್ಟಲೇ ಇಲ್ಲ, ಬದಲಾದದ್ದು ಮೇಲ್ಮೈಯ ಒಂದು ಸಕ್ಕರೆ! ಈ ಪ್ರಯೋಗ ನೆನೆದಾಗಲೆಲ್ಲ ನನಗೆ ರೋಮಾಂಚನ.

ಕಾಯಿಲೆಯಲ್ಲಿ ನೊಂದವರು ಲೇಖನದ ಆ ಸಾಲನ್ನು ಓದಿ, ಒಂದು ಇಂಜೆಕ್ಷನ್ ಸಾಕು ಎಂದು ಸುಮ್ನೆ ಆಸೆ ಇಟ್ಟುಕೊಳ್ಳುವಂತಾಗಬಾರದು. ದಯವಿಟ್ಟು ಅದನ್ನು ತಿದ್ದಿ.