ಬ್ಯಾಟರಿ ಆಮೇಲೆ, ಮೊದಲು ಫಿಲ್ಟರ್ ನೋಡಿ

ಚಳಿಗೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಬದಲಿಸಿ ಅಂತ ಲೇಖನದಲ್ಲಿದೆ. ಸ್ಟಾರ್ಟರ್ ಜೋರಾಗಿ ತಿರುಗುತ್ತಿದ್ದರೂ ಬ್ಯಾಟರಿ ಮೇಲೇ ಯಾಕೆ ಅನುಮಾನ? ನನ್ನ ಗಾಡಿ ಸ್ಟಾರ್ಟ್ ಏನೋ ಆಗುತ್ತಿತ್ತು, ಐದು ನಿಮಿಷ ಓಡಿ, ಲೋಡ್ ಬಿದ್ದ ತಕ್ಷಣ ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ಸುಮ್ನೆ ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಬಿಚ್ಚಿಸಿ ದುಡ್ಡು ಕಳೆದುಕೊಂಡೆ. ಕೊನೆಗೆ ಡೀಸೆಲ್ ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಬೆಳ್ಳಗೆ ಮೇಣ!

ಅದು ಹೊರಗಿಂದ ಬಂದದ್ದಲ್ಲ, ಡೀಸೆಲ್‌ನಲ್ಲೇ ಇರುವ ಪ್ಯಾರಾಫಿನ್. ಚಳಿ ಜಾಸ್ತಿಯಾದರೆ ಹರಳುಗಟ್ಟಿ ಮೊದಲು ಫಿಲ್ಟರ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಜಿನ ಬಾಟಲಿಯಲ್ಲಿ ಟ್ಯಾಂಕಿನ ಡೀಸೆಲ್ ಸ್ವಲ್ಪ ಹಿಡಿದು ರಾತ್ರಿ ಹೊರಗಿಡಿ. ಬೆಳಿಗ್ಗೆ ಪೂರ್ತಿ ಮಬ್ಬಾಗಿದ್ದರೆ ಮೇಣ, ತಳದಲ್ಲಿ ಬೇರೆ ಪದರವೋ ಮಂಜುಗಡ್ಡೆಯೋ ಕಂಡರೆ ನೀರು. ನೀರು 0 ಡಿಗ್ರಿಗೇ ಗಟ್ಟಿಯಾಗುತ್ತದಲ್ವಾ, ಅದಕ್ಕೇ ಸೆಪರೇಟರ್ (ಡೀಸೆಲ್‌ನಿಂದ ನೀರು ಬೇರ್ಪಡಿಸುವ ಭಾಗ) ಕೆಳಗಿನ ಸ್ಕ್ರೂ ಸಡಿಲಿಸಿ ನೀರನ್ನು ಸಂಜೆಯೇ ಇಳಿಸಿಬಿಡಿ. ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ತೇವ ಕಟ್ಟುವುದೂ ಕಡಿಮೆ.

ಆಂಟಿ-ಜೆಲ್ (ಡೀಸೆಲ್ ಗಟ್ಟಿಯಾಗದಂತೆ ಬೆರೆಸುವ ದ್ರವ) ಹಾಕುವವರು ಡೀಸೆಲ್ ಮಬ್ಬಾಗುವ ಮೊದಲೇ ಹಾಕಬೇಕು. ಗಟ್ಟಿಯಾದ ಮೇಲೆ ಸುರಿದರೆ ಮೇಣ ಕರಗುವುದಿಲ್ಲ. ಆಗ ಗಾಡಿಯನ್ನು ಬೆಚ್ಚಗಿನ ಶೆಡ್‌ಗೆ ತಳ್ಳಿ ಹೊಸ ಫಿಲ್ಟರ್ ಹಾಕಿ, ಡೀಸೆಲ್ ಲೈನಿನ ಹ್ಯಾಂಡ್ ಪಂಪ್ ಒತ್ತಿ ಒಳಗಿನ ಏರ್ ತೆಗೆಯಿರಿ. ಏರ್ ತೆಗೆಯದೆ ಸೆಲ್ಫ್ ಹೊಡೆಯುತ್ತಾ ಕೂತರೆ ಆಗ ನಿಜವಾಗಲೂ ಬ್ಯಾಟರಿ ಹೋಗುತ್ತದೆ.

ಲೇಖನದ ಕೆಳಗೆ ಕಾಮೆಂಟ್‌ನಲ್ಲಿ ಒಬ್ಬರು ಡೀಸೆಲ್‌ಗೆ ಪೆಟ್ರೋಲ್ ಬೆರೆಸಿ ಅಂದಿದ್ದಾರೆ. ದಯವಿಟ್ಟು ಬೇಡ ಸ್ವಾಮಿ. ಟ್ಯಾಂಕಿನ ಆವಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಡೀಸೆಲ್‌ನ ಜಾರು ಗುಣ ಕಡಿಮೆಯಾಗಿ ಡೀಸೆಲ್ ಪಂಪೂ ಸವೆಯುತ್ತದೆ. ಗ್ಲೋ ಪ್ಲಗ್ (ಸ್ಟಾರ್ಟ್ ಮಾಡಲು ಎಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್) ಇರುವ ಎಂಜಿನ್‌ಗೆ, ಬೇಗ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯುವುದೂ ಅಷ್ಟೇ ಅಪಾಯ.