ಕೋಳಿ ನೀರು ಕುಡಿದ ಅಕ್ಕಿ

ಇಟಲಿಲಿ ನಾನಿದ್ದ ಬಿಲ್ಡಿಂಗಲ್ಲಿ ಕೆಳಗಿನ ಮನೆ ಅಜ್ಜಿ ಅಲ್ಬೇನಿಯಾದವರು, ಎಲ್ಬಸಾನ್ ಊರಿನ ಕಡೆಯೋರು. 1991ರ ಆಗಸ್ಟಲ್ಲಿ ವ್ಲೋರಾ ಅನ್ನೋ ಸಕ್ಕರೆ ಸಾಗಿಸೋ ಹಡಗಿಗೆ ನುಗ್ಗಿ ಸುಮಾರು 20,000 ಜನ ಅಲ್ಬೇನಿಯಾದಿಂದ ಇಟಲಿಯ ‘ಬಾರಿ’ ಅನ್ನೋ ಊರಿನ ಬಂದರಿಗೆ ಬಂದಿದ್ರಲ್ಲ, ಆ ಗಲಾಟೆ ಎಲ್ಲಾ ತಣ್ಣಗಾದ್ಮೇಲೆ ಬಂದೋರು. ಬರುವಾಗ ಬೆಡ್‌ಶೀಟಲ್ಲಿ ಸುತ್ತಿಕೊಂಡು ಒಂದು ಅಗಲವಾದ ದುಂಡನೆ ತಟ್ಟೆ ತಂದಿದ್ರು. ಅದರ ಹೆಸರು ‘ತಾವ್’ ಅಂತೆ, ನಮ್ಮ ದೋಸೆ ತವಾಗೆ ದಾಯಾದಿ, ಪರ್ಷಿಯನ್ ಪದ ಒಂದು ಕಡೆ ಟರ್ಕಿಯವರ ಜೊತೆ ಹೋಗಿ ಓವನ್ ಸೇರ್ತು, ಇನ್ನೊಂದು ಕಡೆ ಇಲ್ಲಿ ಬಂದು ಗ್ಯಾಸ್ ಸ್ಟೌವ್ ಹತ್ತಿ ಕೂತ್ಕೊಂತು.

ಆ ತಾವಲ್ಲಿ ಭಾನುವಾರ ‘ಪುಲ್ ಮೆ ಒರಿಝ್’. ಕೋಳಿ, ಅಕ್ಕಿ, ಅಷ್ಟೇ. ಮೊದಲನೇ ಸಲ ಅಡುಗೆಮನೆಲಿ ನಿಂತು ನೋಡಿ ನಂಗೆ ಅಯ್ಯೋ ಅನ್ನಿಸ್ತು ಕಣ್ರೀ. ಕೋಳಿನ ಈರುಳ್ಳಿ ಉಪ್ಪು ಹಾಕಿ ಬೇಯಿಸಿದ್ರು, ಬೆಣ್ಣೆಲಿ ಅಕ್ಕಿ ಹುರಿದ್ರು, ಕಾಳುಮೆಣಸು ಉದುರಿಸಿದ್ರು, ಮುಗೀತು. ಶುಂಠಿ ಬೆಳ್ಳುಳ್ಳಿ ಇಲ್ಲ, ಚಕ್ಕೆ ಲವಂಗ ಇಲ್ಲ, ಹಸಿಮೆಣಸಿನಕಾಯಿ ಮಾತೇ ಇಲ್ಲ. ಮನೇಲಿ ಅಮ್ಮ ಕಳಿಸಿದ ಪಲಾವ್ ಪುಡಿ ಇದೆ, ಒಂದು ಚಮಚ ತರ್ಲಾ ಅಂದೆ. ಅಜ್ಜಿ ನನ್ನ ನೋಡಿದ ನೋಟ ಹೆಂಗಿತ್ತು ಅಂದ್ರೆ ಪಾಯಸಕ್ಕೆ ಸಾರಿನಪುಡಿ ಹಾಕ್ತೀನಿ ಅಂದಂಗೆ.

ಗುಟ್ಟಿರೋದು ನೀರಲ್ಲಿ. ಅಕ್ಕಿ ಒಂದು ಲೋಟ ಆದ್ರೆ ಕೋಳಿ ಬೇಯಿಸಿದ ನೀರು ಹತ್ರ ಹತ್ರ ಮೂರು ಲೋಟ, ಅದೂ ಕುದೀತಿರಬೇಕು, ತಣ್ಣಗಿದ್ರೆ ಅಕ್ಕಿ ಮುನಿಸ್ಕೊಳುತ್ತೆ ಅಂತಿದ್ರು. ಮೇಲೆ ಕೋಳಿ ತುಂಡು ಜೋಡಿಸಿ ಓವನ್ನಿಗೆ. ಅನ್ನ ನಿಧಾನಕ್ಕೆ ನೀರೆಲ್ಲಾ ಕುಡಿಯುತ್ತೆ, ಮೇಲೆ ಕೋಳಿ ಚರ್ಮ ಕೆಂಪಗಾಗಿ ಗರಿಗರಿ ಆಗುತ್ತೆ, ಅದರ ಕೊಬ್ಬು ಮತ್ತೆ ಅನ್ನಕ್ಕೇ ಇಳಿಯುತ್ತೆ. ತಿಂದಾಗ ಗೊತ್ತಾಯ್ತು, ಇಲ್ಲಿ ಕೋಳಿ ಬರೀ ನೆಪ, ರುಚಿ ಎಲ್ಲಾ ಅನ್ನದಲ್ಲೇ. ನಮ್ಮ ಮಸಾಲೆ ಗದ್ದಲದಲ್ಲಿ ಕೋಳಿಗೆ ಅಂತ ಒಂದು ರುಚಿ ಇದೆ ಅನ್ನೋದೇ ನಾನು ಮರ್ತಿದ್ದೆ.

ಪಕ್ಕದಲ್ಲಿ ಒಂದು ಬಟ್ಟಲು ‘ಕೋಸ್’, ಅಂದ್ರೆ ಗಟ್ಟಿ ಮೊಸರು. ಅದನ್ನ ನೋಡಿದ್ಮೇಲೇ ಜೀವ ಬಂದಂಗಾಯ್ತು. ಇಷ್ಟಾದ್ರೂ ಅನ್ನದ ಜೊತೆ ಬ್ರೆಡ್ ಬೇರೆ! ಅವರ ಭಾಷೇಲಿ ಊಟಕ್ಕೆ ಬಾ ಅನ್ನೋಕೆ ‘ಬ್ರೆಡ್ ತಿನ್ನೋಣ ಬಾ’ ಅಂತಾನೇ ಹೇಳೋದಂತೆ, ಅನ್ನ ಇರಲಿ ಬಿಡಲಿ.

ಒಂದೇ ತೊಂದ್ರೆ ತಲೆ ಆಡಿಸೋದು. ಅಲ್ಬೇನಿಯಾದ ಹಳಬರಿಗೆ ತಲೆ ಅತ್ತಿತ್ತ ಆಡಿಸಿದ್ರೆ ಹೂಂ ಅಂತ, ಮೇಲೆತ್ತಿದ್ರೆ ಊಹೂಂ ಅಂತ. ನಾನು ಸಾಕಜ್ಜಿ ಸಾಕು ಅಂತ ತಲೆ ಆಡಿಸ್ತಾ ಹೋದೆ, ಅವರು ಬಡಿಸ್ತಾ ಹೋದ್ರು. ಮೂರನೇ ವಾರಕ್ಕೆ ವಿಷಯ ಗೊತ್ತಾಯ್ತು. ಆಮೇಲೂ ಸ್ವಲ್ಪ ದಿನ ಗೊತ್ತಿಲ್ಲದವನ ಥರಾನೇ ಆಡಿಸ್ತಿದ್ದೆ, ತಾವಿನ ಮೂಲೇಲಿ ತಳ ಹಿಡಿದ ಅನ್ನ ಕೆರೆದು ಹಾಕೋವರೆಗೂ.